ಮೆಗ್ಗಾನೋ, ಮಣಿಪಾಲವೋ, ಮನೆಯೋ? ಮಗುವಿನ ಆಕ್ಯುಪೇಷನಲ್ ಥೆರಪಿಗೆ ದಾರಿ ಆರಿಸಿಕೊಳ್ಳುವ ಬಗೆ

ಜೂನ್ ಮೊದಲ ವಾರ ಹೊಸನಗರದ ಕಡೆಯ ತಾಯಿಯೊಬ್ಬರು ಫೋನ್ ಮಾಡಿದರು. ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು. ನಡೆಯುತ್ತಾನೆ, ಓಡುತ್ತಾನೆ. ಆದರೆ ಚಮಚ ಹಿಡಿಯುವುದಿಲ್ಲ, ಬೆರಳಿಗೆ ಅನ್ನ ಅಂಟಿದರೆ ಕೈ ಕೊಡವಿ ಚೀರುತ್ತಾನೆ, ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಮಕ್ಕಳ ವೈದ್ಯರು ಚೀಟಿಯಲ್ಲಿ ‘ಓಟಿ’, ಅಂದರೆ ಆಕ್ಯುಪೇಷನಲ್ ಥೆರಪಿ, ಎಂದು ಬರೆದುಕೊಟ್ಟಿದ್ದಾರೆ. ಒಬ್ಬರು ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಎಂದರಂತೆ, ಇನ್ನೊಬ್ಬರು ಶಿವಮೊಗ್ಗದ ಖಾಸಗಿ ಕೇಂದ್ರವೇ ಸರಿ ಎಂದರಂತೆ, ನಾದಿನಿ ಮಣಿಪಾಲವನ್ನು ಬಿಟ್ಟರೆ ಬೇರೆಲ್ಲೂ ಬೇಡ ಎಂದಳಂತೆ. “ಅಕ್ಕಾ, ಮಳೆ ಹಿಡಿಯುವ ಮೊದಲು ಒಂದು ತೀರ್ಮಾನ ಮಾಡಬೇಕು. ನೀವು ಯಾವುದನ್ನು ಆರಿಸುತ್ತಿದ್ದಿರಿ?”

ಇದೇ ಗೊಂದಲದಲ್ಲಿ ನಾನೂ ಒಂದು ಮಳೆಗಾಲ ಕಳೆದಿದ್ದೇನೆ. ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿ. ಎಂಟನೇ ತಿಂಗಳಲ್ಲಿ ನನ್ನ ಮಗ ಏನು ಕೊಟ್ಟರೂ ಎಡಗೈಯನ್ನೇ ಚಾಚುತ್ತಿದ್ದ. ಬಲಗೈ ಮುಷ್ಟಿಯಾಗಿಯೇ ಇರುತ್ತಿತ್ತು. “ಎಡಚ, ಅವನ ಅಜ್ಜನ ಹಾಗೆ” ಎಂದು ಅತ್ತೆಯವರು ಸಮಾಧಾನ ಹೇಳಿದರು. ವರ್ಷ ತುಂಬುವ ಮೊದಲೇ ಮಗು ಒಂದೇ ಕೈಯನ್ನು ಬಳಸುತ್ತಿದ್ದರೆ ಅದು ಎಡಚತನವಲ್ಲ, ವೈದ್ಯರಿಗೆ ತೋರಿಸಬೇಕಾದ ಸೂಚನೆ ಎಂಬುದು ನಮಗಾರಿಗೂ ತಿಳಿದಿರಲಿಲ್ಲ. ಅವನಿಗಿದ್ದದ್ದು ದೇಹದ ಬಲಭಾಗವನ್ನು ಬಾಧಿಸುವ ಸೆರೆಬ್ರಲ್ ಪಾಲ್ಸಿ. ಈಗ ಅವನಿಗೆ ಹನ್ನೊಂದು ವರ್ಷ. ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಂಡು ಶಾಲೆಗೆ ಹೋಗುತ್ತಾನೆ. ಈ ನಡುವೆ ನಾವು ಸರ್ಕಾರಿ ಆಸ್ಪತ್ರೆ, ಖಾಸಗಿ ಕೇಂದ್ರ, ಘಾಟಿ ಕೆಳಗಿನ ದೊಡ್ಡ ಆಸ್ಪತ್ರೆ, ಮೊಬೈಲ್ ಪರದೆ ಎಲ್ಲವನ್ನೂ ಬಳಸಿದ್ದೇವೆ. ಆ ತಾಯಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಓಟಿ ಎಂದರೆ ಏನು, ಏನಲ್ಲ

ಕೆಲವೆಡೆ ‘ಔದ್ಯೋಗಿಕ ಚಿಕಿತ್ಸೆ’ ಎಂಬ ಫಲಕ ಕಾಣುತ್ತದೆ. ಅದನ್ನು ಓದಿದ ಮಾವನವರು “ಹಾಲು ಕುಡಿಯುವ ಮಗುವಿಗೆ ಯಾವ ಉದ್ಯೋಗ?” ಎಂದು ಕೇಳಿದ್ದರು. ಉಣ್ಣುವುದು, ಉಡುವುದು, ಹಲ್ಲುಜ್ಜುವುದು, ಆಡುವುದು, ಬಳಪ ಹಿಡಿಯುವುದು, ತರಗತಿಯಲ್ಲಿ ಕುಳಿತಿರುವುದು, ಇವೇ ಮಗುವಿನ ಉದ್ಯೋಗ. ಇವುಗಳಲ್ಲಿ ಯಾವುದು ಸಾಧ್ಯವಾಗುತ್ತಿಲ್ಲ, ಏಕೆ ಆಗುತ್ತಿಲ್ಲ ಎಂದು ನೋಡಿ, ಆಗುವಂತೆ ದಾರಿ ಮಾಡುವುದು ಓಟಿಯ ಕೆಲಸ. ಕುಳಿತು, ನಿಂತು, ನಡೆಯುವ ಬಲಕ್ಕೆ ಫಿಸಿಯೋಥೆರಪಿ; ಮಾತಿಗೆ, ಎಷ್ಟೋ ಸಲ ನುಂಗುವಿಕೆಗೂ ಸ್ಪೀಚ್ ಥೆರಪಿ; ಓದು ಬರಹಕ್ಕೆ ವಿಶೇಷ ಶಿಕ್ಷಕರು. ಒಂದೇ ಮಗುವಿಗೆ ಇವುಗಳಲ್ಲಿ ಎರಡು ಮೂರು ಬೇಕಾಗಬಹುದು. ಹಾಗಾಗಿ ‘ಓಟಿ ಎಲ್ಲಿ ಚೆನ್ನಾಗಿದೆ’ ಎಂದು ಹುಡುಕುವ ಮೊದಲು ‘ನನ್ನ ಮಗುವಿಗೆ ಬೇಕಿರುವುದು ಓಟಿಯೇ’ ಎಂದು ಮಕ್ಕಳ ವೈದ್ಯರಿಂದ ಖಚಿತಪಡಿಸಿಕೊಳ್ಳಿ. ಕಿವಿ ಮತ್ತು ಕಣ್ಣಿನ ಪರೀಕ್ಷೆ ಆಗಿರಬೇಕು. ಫಿಟ್ಸ್ ಬರುತ್ತಿದ್ದರೆ, ಕಲಿತದ್ದನ್ನು ಮಗು ಮರೆಯುತ್ತಾ ಹೋಗುತ್ತಿದ್ದರೆ ಮೊದಲು ನರರೋಗ ತಜ್ಞರನ್ನು ಕಾಣಬೇಕು.

ನಾನು ಅಳೆಯುವ ಬಗೆ

ವಾರಕ್ಕೆ ಎರಡು ಸಲ, ಮುಕ್ಕಾಲು ಗಂಟೆಯಂತೆ ಥೆರಪಿ ಎಂದುಕೊಳ್ಳಿ. ಒಟ್ಟು ಒಂದೂವರೆ ಗಂಟೆ ಆಯಿತು. ಮಗು ವಾರದಲ್ಲಿ 80 ಗಂಟೆಗೂ ಹೆಚ್ಚು ಎಚ್ಚರವಾಗಿರುತ್ತದೆ. ಆ ಉಳಿದ ಹೊತ್ತಿನಲ್ಲಿ ಏನು ಮಾಡಬೇಕೆಂದು ನಮಗೆ ಯಾರು ಕಲಿಸುತ್ತಾರೋ ಅವರೇ ಒಳ್ಳೆಯ ಥೆರಪಿಸ್ಟ್. ಇದು ನನ್ನ ಮೊದಲ ಅಳತೆ, ಉಳಿದವೆಲ್ಲ ಇದರ ನಂತರ. ನಾವು ಹೋದ ಒಂದು ಕೇಂದ್ರದಲ್ಲಿ ಮಗುವನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾಲ್ಕು ತಿಂಗಳು ಹೊರಗಿನ ಬೆಂಚಿನಲ್ಲಿ ಅವನ ಅಳು ಕೇಳಿಸಿಕೊಂಡು ಕುಳಿತೆ. ಒಳಗೆ ಏನು ನಡೆಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ. ಆ ನಾಲ್ಕು ತಿಂಗಳ ಬಗ್ಗೆ ನನಗೆ ಈಗಲೂ ನೋವಿದೆ. ಕೆಲವು ಮಕ್ಕಳು ತಾಯಿ ಎದುರಿಗಿದ್ದರೆ ಹಟ ಮಾಡುವುದು ನಿಜ. ಹಾಗಿದ್ದರೆ ಕೊನೆಯ ಹತ್ತು ನಿಮಿಷವಾದರೂ ಒಳಗೆ ಕರೆದು, ಇಂದು ಮಾಡಿದ್ದು ಇದು, ಮನೆಯಲ್ಲಿ ಮಾಡಬೇಕಾದದ್ದು ಇದು ಎಂದು ತೋರಿಸಬೇಕು.

ಎರಡನೆಯದು ಥೆರಪಿಸ್ಟ್ ಯಾರು ಎಂಬುದು. ಓಟಿಗೆ ಪ್ರತ್ಯೇಕ ಪದವಿಯಿದೆ, ಬಿಓಟಿ ಎನ್ನುತ್ತಾರೆ. ಅದರ ಮೇಲೆ ಎಂಓಟಿ. ಸ್ಪೀಚ್ ಥೆರಪಿಸ್ಟ್ ಮತ್ತು ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರುತ್ತಾರೆ. ಓಟಿಯವರು ಆ ಪಟ್ಟಿಯಲ್ಲಿ ಬರುವುದಿಲ್ಲ. ಅವರ ವೃತ್ತಿ 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಕಾಯ್ದೆಯ ವ್ಯಾಪ್ತಿಯಲ್ಲಿದೆ. ಆದ್ದರಿಂದ ‘ನೀವು ಬಿಓಟಿ ಮಾಡಿದ್ದೀರಾ, ಎಲ್ಲಿ ಮಾಡಿದಿರಿ’ ಎಂದು ನೇರವಾಗಿ ಕೇಳಿ. ಇದರಲ್ಲಿ ಸಂಕೋಚ ಬೇಡ. ಓದಿ ಬಂದವರು ಸಂತೋಷದಿಂದ ಹೇಳುತ್ತಾರೆ. ಫಲಕದಲ್ಲಿ ಓಟಿ, ಫಿಸಿಯೋ, ಸ್ಪೀಚ್ ಎಂದು ಎಲ್ಲ ಬರೆದಿದ್ದು, ಒಳಗೆ ಮೂರನ್ನೂ ಅಲ್ಪಾವಧಿ ತರಬೇತಿ ಪಡೆದ ಒಬ್ಬರೇ ಮಾಡುತ್ತಿರುವುದೂ ಉಂಟು.

ಗುರಿಯನ್ನು ಬರೆದು ಕೊಡುತ್ತಾರೆಯೇ ನೋಡಿ. ‘ಗ್ರಹಣಶಕ್ತಿ ಸುಧಾರಣೆ’ ಎಂದು ಬರೆದರೆ ಅದು ಗುರಿಯಲ್ಲ. ‘ಮೂರು ತಿಂಗಳಲ್ಲಿ ಚಮಚದಿಂದ ಐದು ತುತ್ತು ತಾನೇ ತಿನ್ನಬೇಕು’ ಎಂದರೆ ಗುರಿ. ಆಗಿದೆಯೋ ಇಲ್ಲವೋ ಎಂದು ಅಜ್ಜಿಯೂ ಹೇಳಬಲ್ಲಂತಿರಬೇಕು.

ಇನ್ನು ದಾರಿ ಮತ್ತು ಮಳೆ. ಬೆಂಗಳೂರಿನವರಿಗೆ ಈ ಪ್ರಶ್ನೆಯೇ ಬರುವುದಿಲ್ಲ, ನಮಗೆ ಮಾತ್ರ ಇದು ಹಣದಷ್ಟೇ ದೊಡ್ಡದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ, ಅದು ಮುಗಿಯಿತೆನ್ನುವಷ್ಟರಲ್ಲಿ ಅಡಿಕೆ ಕೊಯ್ಲು. ಈ ಎರಡರ ನಡುವೆಯೂ ತಪ್ಪದೆ ನಡೆಸಬಲ್ಲ ಏರ್ಪಾಡು ಯಾವುದು ಎಂದು ಯೋಚಿಸಿ. ಮೂರು ತಿಂಗಳು ಹುರುಪಿನಿಂದ ಹೋಗಿ ನಿಲ್ಲಿಸುವ ದೊಡ್ಡ ಆಸ್ಪತ್ರೆಗಿಂತ, ವರ್ಷವಿಡೀ ನಡೆಯುವ ಸಾಧಾರಣ ಏರ್ಪಾಡು ಮಗುವಿಗೆ ಹೆಚ್ಚು ಕೊಡುತ್ತದೆ. ನನ್ನ ಅನುಭವದಲ್ಲಿ ಇದಕ್ಕಿಂತ ಖಚಿತವಾದ ಮಾತು ಇನ್ನೊಂದಿಲ್ಲ.

ಹಣದ ಲೆಕ್ಕವನ್ನೂ ವರ್ಷಕ್ಕೇ ಹಾಕಿ. ಒಂದು ಸಲಕ್ಕೆ 500 ರೂಪಾಯಿ ಎಂದರೆ ಸಣ್ಣದಾಗಿ ಕಾಣುತ್ತದೆ. ವಾರಕ್ಕೆ ಎರಡರಂತೆ ತಿಂಗಳಿಗೆ 4,000, ವರ್ಷಕ್ಕೆ 48,000. ಅದರ ಮೇಲೆ ಬಸ್ಸು, ಊಟ, ಕಳೆದುಕೊಂಡ ದಿನಗೂಲಿ.

ಜಿಲ್ಲಾ ಆಸ್ಪತ್ರೆ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಅಂದರೆ ಆರ್‌ಬಿಎಸ್‌ಕೆ, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗಾಗಿ ಇರುವ ಯೋಜನೆ. ಇದರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಬೆಳವಣಿಗೆಯಲ್ಲಿ ಹಿಂದುಳಿದ ಮಗು ಕಂಡರೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಡಿಇಐಸಿಗೆ, ಕಳುಹಿಸುತ್ತಾರೆ. ನಮ್ಮ ಜಿಲ್ಲೆಯವರಿಗೆ ದಾರಿ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗದಿಂದ ಆರಂಭ. ಅಂಗನವಾಡಿ ಕಾರ್ಯಕರ್ತೆಗೆ ಅಥವಾ ಆಶಾ ಕಾರ್ಯಕರ್ತೆಗೆ ಹೇಳಿದರೆ ತಂಡದ ಚೀಟಿ ಸಿಗುತ್ತದೆ. ಆ ಚೀಟಿ ಇದ್ದರೆ ಯಾವ ಕೋಣೆ, ಯಾವ ದಿನ ಎಂದು ಅಲೆಯುವುದು ತಪ್ಪುತ್ತದೆ.

ಖರ್ಚು ಇಲ್ಲ ಎನ್ನುವುದಷ್ಟೇ ಇದರ ಅನುಕೂಲವಲ್ಲ. ಮಕ್ಕಳ ವೈದ್ಯರು, ಕಿವಿ ಕಣ್ಣಿನ ಪರೀಕ್ಷೆ, ಅಂಗವೈಕಲ್ಯ ಪ್ರಮಾಣಪತ್ರ ಎಲ್ಲವೂ ಒಂದೇ ಆವರಣದ ಸುತ್ತ ಸಿಗುತ್ತವೆ. ಎರಡು ವರ್ಷದೊಳಗಿನ ಮಗುವಾದರೆ, ಅವಧಿಗೆ ಮುನ್ನ ಹುಟ್ಟಿದ್ದರೆ, ಹುಟ್ಟಿದಾಗ ತಡವಾಗಿ ಅತ್ತಿದ್ದರೆ, ಕಣ್ಣುಮುಚ್ಚಿ ಮೊದಲು ಇಲ್ಲಿಗೇ ಹೋಗಿ ಎನ್ನುತ್ತೇನೆ.

ಕೊರತೆಯೂ ಇದೆ. ಇಂಥ ಕೇಂದ್ರಗಳಲ್ಲಿ ಮಂಜೂರಾದ ಹುದ್ದೆ ಬೇರೆ, ಇಂದು ಭರ್ತಿಯಾಗಿರುವ ಹುದ್ದೆ ಬೇರೆ. ಫಿಸಿಯೋಥೆರಪಿಸ್ಟ್ ಇದ್ದು ಓಟಿಯವರು ಇಲ್ಲದಿರಬಹುದು. ಇಡೀ ಜಿಲ್ಲೆಯ ಮಕ್ಕಳು ಬರುವುದರಿಂದ ವಾರಕ್ಕೆರಡು ಸಲದ ಸಮಯ ಸಿಗದೆ ಹದಿನೈದು ದಿನಕ್ಕೊಮ್ಮೆ ಬನ್ನಿ ಎನ್ನಬಹುದು. ಹೊರಡುವ ಹಿಂದಿನ ದಿನ ಫೋನ್ ಮಾಡಿ ‘ಓಟಿಯವರು ಇದ್ದಾರೆಯೇ, ಯಾವ ದಿನ ಇರುತ್ತಾರೆ’ ಎಂದು ಕೇಳಿಕೊಳ್ಳಿ. ಹದಿನೈದು ದಿನಕ್ಕೊಮ್ಮೆಯಾದರೂ ಮನೆಯಲ್ಲಿ ಮಾಡುವುದನ್ನು ಚೆನ್ನಾಗಿ ಕಲಿಸಿಕೊಡುವವರು ಸಿಕ್ಕಿದರೆ, ಕೆಲವು ಮಕ್ಕಳಿಗೆ ಅಷ್ಟೇ ಸಾಕಾಗುತ್ತದೆ.

ನಗರದ ಖಾಸಗಿ ಕೇಂದ್ರ

ಭದ್ರಾವತಿ, ಶಿವಮೊಗ್ಗ, ಅದರ ಸುತ್ತಿನ ಹಳ್ಳಿಗಳವರಿಗೆ ಇದು ಅನುಕೂಲ. ಸಮಯ ನಿಗದಿಯಾಗಿರುತ್ತದೆ, ಒಬ್ಬರೇ ಥೆರಪಿಸ್ಟ್ ತಿಂಗಳುಗಟ್ಟಲೆ ಮಗುವನ್ನು ನೋಡುತ್ತಾರೆ, ಮಗುವಿಗೆ ಅವರ ಸಲಿಗೆ ಬೆಳೆಯುತ್ತದೆ. ನಾಲ್ಕೈದು ವರ್ಷದ, ಆಟಿಸಂ ಇರುವ, ಹೊಸ ಮುಖ ಕಂಡರೆ ಹೆದರುವ ಮಗುವಿಗೆ ಈ ಸಲಿಗೆಯೇ ಅರ್ಧ ಚಿಕಿತ್ಸೆ.

ಎಚ್ಚರ ವಹಿಸಬೇಕಾದದ್ದು ಮೂರು ಕಡೆ. ಆರು ತಿಂಗಳ ಹಣವನ್ನು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದರೆ ಒಪ್ಪಬೇಡಿ. ಒಂದು ತಿಂಗಳು ನೋಡಿ. ಮಗುವನ್ನು ಪರೀಕ್ಷಿಸುವ ಮೊದಲೇ ವಾರಕ್ಕೆ ಐದು ದಿನ ಬೇಕು ಎನ್ನುವವರಿಂದ ದೂರವಿರಿ. ಹಾಗೆಯೇ ಉಯ್ಯಾಲೆ, ಬಣ್ಣದ ದೀಪ, ಚೆಂಡಿನ ತೊಟ್ಟಿ ನೋಡಿ ಮರುಳಾಗಬೇಡಿ. ಸ್ಪರ್ಶ, ಶಬ್ದ, ಚಲನೆಗಳಿಗೆ ಅತಿಯಾಗಿ ಅಥವಾ ಕಡಿಮೆಯಾಗಿ ಸ್ಪಂದಿಸುವ ಮಕ್ಕಳಿಗೆ ಸೆನ್ಸರಿ ಥೆರಪಿ ನಡೆಸುತ್ತಾರೆ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2012ರಲ್ಲೇ ಹೇಳಿದ್ದು ಹೀಗೆ: ಒಟ್ಟು ಚಿಕಿತ್ಸೆಯ ಒಂದು ಭಾಗವಾಗಿ ಇದನ್ನು ಬಳಸಬಹುದು, ಆದರೆ ಪರಿಣಾಮದ ಕುರಿತ ಸಂಶೋಧನೆ ಸೀಮಿತ ಎಂಬುದನ್ನು ತಂದೆತಾಯಿಗೆ ತಿಳಿಸಬೇಕು. ಉಯ್ಯಾಲೆಯಲ್ಲಿ ಕುಳಿತ ಮಗು ಮನೆಗೆ ಬಂದ ಮೇಲೆ ಉಣ್ಣುವುದರಲ್ಲಿ, ಸ್ನಾನದಲ್ಲಿ, ನಿದ್ದೆಯಲ್ಲಿ ಏನು ಬದಲಾಯಿತು ಎಂದು ಕೇಳಿಕೊಳ್ಳಿ. ಎಂಟು ಹತ್ತು ವಾರಗಳಲ್ಲಿ ಏನೂ ಇಲ್ಲವೆಂದರೆ ಥೆರಪಿಸ್ಟ್ ಜೊತೆ ಕುಳಿತು ಗುರಿಯನ್ನು ಬದಲಾಯಿಸಬೇಕು.

‘ಪೂರ್ತಿ ಗುಣಪಡಿಸುತ್ತೇವೆ’ ಎಂಬ ಮಾತು ಎಲ್ಲಿ ಕೇಳಿದರೂ ಎದ್ದು ಬನ್ನಿ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಎಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ಅದನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಸ್ಪಷ್ಟವಾಗಿ ಹೇಳಿದೆ. ಅಡಿಕೆ ಮಾರಿದ ಹಣವನ್ನು ಅದಕ್ಕೆ ಸುರಿದು ಬರಿಗೈಯಲ್ಲಿ ಬಂದ ಕುಟುಂಬವೊಂದನ್ನು ನಾನು ಬಲ್ಲೆ.

ಘಾಟಿ ಇಳಿಯುವುದು, ರೈಲು ಹತ್ತುವುದು

ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಜೊತೆಗೇ ಓಟಿ ಕಲಿಸುವ ಕಾಲೇಜಿದೆ. ಓದುವವರು, ಕಲಿಸುವವರು ಇಬ್ಬರೂ ಇರುವ ಕಡೆ ಪರೀಕ್ಷೆ ಕೂಲಂಕಷವಾಗಿ ನಡೆಯುತ್ತದೆ. ಕೈಗೆ ಸ್ಪ್ಲಿಂಟ್ ಬೇಕೇ, ಬಿಗಿದ ಸ್ನಾಯುವಿಗೆ ಇಂಜೆಕ್ಷನ್ ಬೇಕೇ, ಶಸ್ತ್ರಚಿಕಿತ್ಸೆ ಬೇಕೇ ಎಂಬ ಪ್ರಶ್ನೆಗಳಿಗೆ ನರರೋಗ, ಮೂಳೆ, ಓಟಿ ಮೂವರೂ ಒಟ್ಟಿಗೆ ನೋಡುವ ಜಾಗ ಬೇಕು. ತೀರ್ಥಹಳ್ಳಿ, ಆಗುಂಬೆ ಸುತ್ತಿನವರಿಗೆ ಮಣಿಪಾಲ ನಕ್ಷೆಯಲ್ಲಿ ಶಿವಮೊಗ್ಗಕ್ಕಿಂತ ತೀರಾ ದೂರವೇನಲ್ಲ. ಆದರೆ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಿವೆ. ಚಲನೆಯಿಂದ ಕಂಗೆಡುವ ಮಗು ಸೋಮೇಶ್ವರ ಮುಟ್ಟುವಷ್ಟರಲ್ಲಿ ಎರಡು ಸಲ ವಾಂತಿ ಮಾಡಿಕೊಂಡಿರುತ್ತದೆ. ಆಮೇಲೆ ಥೆರಪಿಗೆ ಅದರಲ್ಲಿ ಶಕ್ತಿ ಎಲ್ಲಿ? ಮಳೆಗಾಲದಲ್ಲಿ ಘಾಟಿಯಲ್ಲಿ ಭಾರಿ ವಾಹನಗಳನ್ನು ನಿಲ್ಲಿಸುವುದೂ ಉಂಟು. ನಾವು ವಾರಕ್ಕೊಮ್ಮೆ ಹೋಗುವ ಹಟ ಹಿಡಿದು ಎರಡು ತಿಂಗಳಿಗೇ ಸೋತೆವು. ನಂತರ ಆರು ತಿಂಗಳಿಗೊಮ್ಮೆ ಹೋಗಿ, ಮೂರು ದಿನ ಅಲ್ಲೇ ಉಳಿದು, ಪರೀಕ್ಷೆ ಮುಗಿಸಿ ಮುಂದಿನ ಆರು ತಿಂಗಳ ಪಾಠ ಹೊತ್ತು ತರುವ ಪದ್ಧತಿ ಮಾಡಿಕೊಂಡೆವು. ಅದು ಕೊನೆಯವರೆಗೂ ನಡೆಯಿತು.

ಶಿಕಾರಿಪುರ, ಭದ್ರಾವತಿ ಕಡೆಯವರು ಮರೆಯುವ ಜಾಗ ದಾವಣಗೆರೆ. ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ, ಸಿಆರ್‌ಸಿ, ಅಲ್ಲಿದೆ. ಘಾಟಿಯಿಲ್ಲದ ದಾರಿ. ಅಂಗವೈಕಲ್ಯವಿರುವವರಿಗೆ ಪುನರ್ವಸತಿ ಸೇವೆ ಕೊಡುವುದಕ್ಕೆಂದೇ ಇರುವ ಸಂಸ್ಥೆ ಅದು. ಮುಖ್ಯ ತೊಂದರೆ ಮಾತಿನದ್ದಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಸಾಗರ, ಆನಂದಪುರದವರಿಗೆ ತಾಳಗುಪ್ಪದಿಂದ ಮೈಸೂರಿಗೆ ನೇರ ರೈಲಿದೆ. ನಡವಳಿಕೆಯ, ನಿದ್ದೆಯ ತೊಡಕು ಹೆಚ್ಚಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗ. ಇವೆಲ್ಲವೂ ವರ್ಷಕ್ಕೊಂದೆರಡು ಸಲ ಹೋಗಿಬರುವ ಜಾಗಗಳು, ವಾರದ ಥೆರಪಿಯ ಜಾಗಗಳಲ್ಲ.

ಬಸ್ಸಿನ ವಿಷಯದಲ್ಲಿ ಒಂದು ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಂದಿರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಆದರೆ ಮಲೆನಾಡಿನ ಬಹಳಷ್ಟು ಊರುಗಳಿಗೆ ಬರುವುದು ಖಾಸಗಿ ಬಸ್ಸು, ಅಲ್ಲಿ ಅದು ನಡೆಯುವುದಿಲ್ಲ. ಸರ್ಕಾರಿ ಬಸ್ಸಿನ ಸಮಯ ನೋಡಿಕೊಂಡು ಥೆರಪಿಯ ಸಮಯ ಕೇಳಿ. ಹೆಚ್ಚಿನ ಕಡೆ ಹೊಂದಿಸಿಕೊಡುತ್ತಾರೆ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರು ಲಾಂಚಿನ ವೇಳೆಗೆ ಕಟ್ಟುಬಿದ್ದು ಎಷ್ಟೋ ಮಕ್ಕಳ ಚಿಕಿತ್ಸೆ ಕೈಬಿಟ್ಟಿದ್ದರು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಅವರಿಗೆ ಸಾಗರ ಹತ್ತಿರವಾಗಿದೆ. ಹಿಂದೆ ಆಗದೆಂದು ಬಿಟ್ಟವರು ಈಗ ಮತ್ತೆ ಯೋಚಿಸಬಹುದು.

ಶಾಲೆ, ಪಂಚಾಯಿತಿ ಮತ್ತು ಪರದೆ

ಆರು ವರ್ಷ ದಾಟಿದ ಮಗುವಾದರೆ ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿ ಕಚೇರಿಗೆ ಹೋಗಿ ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕರನ್ನು, ಬಿಐಇಆರ್‌ಟಿಯವರನ್ನು, ಕಾಣಿ. ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣದ ವ್ಯವಸ್ಥೆಯಿದೆ. ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಯುಡಿಐಡಿ ಕಾರ್ಡು (ಅಂಗವೈಕಲ್ಯದ ಗುರುತಿನ ಚೀಟಿ), ಮಾಸಾಶನ, ಗಾಲಿಕುರ್ಚಿಯ ಅರ್ಜಿಗೆ ಅವರೇ ಮೊದಲ ಮೆಟ್ಟಿಲು. ಇವರು ಯಾರೂ ಓಟಿಯವರಲ್ಲ, ಓಟಿಗೆ ಬದಲಿಯೂ ಅಲ್ಲ. ಆದರೆ ಓಟಿಯವರು ಬರೆದುಕೊಟ್ಟ ಒಂದು ಹಾಳೆಯನ್ನು ಶಾಲೆಗೆ ತಲುಪಿಸಿ, ‘ಇವನಿಗೆ ದಪ್ಪ ಪೆನ್ಸಿಲ್ ಕೊಡಿ, ಪಾದ ನೆಲಕ್ಕೆ ತಾಗುವಂತೆ ಕೂರಿಸಿ, ಬರೆಯಲು ಹೆಚ್ಚು ಸಮಯ ಕೊಡಿ’ ಎಂದು ಮೇಷ್ಟ್ರಿಗೆ ಮನದಟ್ಟು ಮಾಡಿಸಬಲ್ಲರು. ನನ್ನ ಮಗನಿಗೆ ಮೂರನೇ ತರಗತಿಯಲ್ಲಿ ಅತಿ ಹೆಚ್ಚು ನೆರವಾದದ್ದು ಬೆಂಚಿನ ಕೆಳಗೆ ಇಟ್ಟ ಒಂದು ಮರದ ಮಣೆ.

ಮೊಬೈಲಿನ ಮೂಲಕ ನಡೆಯುವ ಥೆರಪಿಯನ್ನು ನಾನು ತಳ್ಳಿಹಾಕುವುದಿಲ್ಲ. ನೇರವಾಗಿ ಒಮ್ಮೆ ಮಗುವನ್ನು ನೋಡಿದ ಥೆರಪಿಸ್ಟ್ ಮಳೆಗಾಲದ ತಿಂಗಳುಗಳಲ್ಲಿ ವಿಡಿಯೋ ಕರೆಯಲ್ಲಿ ತಾಯಿಗೆ ಹೇಳಿಕೊಡುವುದು ಚೆನ್ನಾಗಿಯೇ ನಡೆಯುತ್ತದೆ. ಎರಡು ವರ್ಷದ ಮಗುವನ್ನು ಪರದೆಯ ಮುಂದೆ ಕೂರಿಸಿ ಪಾಠ ಮಾಡುವುದು ನಡೆಯುವುದಿಲ್ಲ. ಎಂದೂ ಮುಟ್ಟಿ ನೋಡದವರು ಸ್ನಾಯುಗಳ ಬಿಗಿತವಿರುವ ಮಗುವಿಗೆ ವ್ಯಾಯಾಮ ಹೇಳುವುದಂತೂ ಅಪಾಯ. ನಮ್ಮಲ್ಲಿ ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕಾದ ಮನೆಗಳೂ ಇವೆ. ಅಂಥವರು ಮಗು ಉಣ್ಣುವುದನ್ನು, ಆಡುವುದನ್ನು ಎರಡು ನಿಮಿಷ ಚಿತ್ರಿಸಿಕೊಂಡು, ಪೇಟೆಗೆ ಹೋದಾಗ ಕಳುಹಿಸಿದರೂ ಒಳ್ಳೆಯ ಥೆರಪಿಸ್ಟ್ ಅದನ್ನು ನೋಡಿ ಉತ್ತರಿಸುತ್ತಾರೆ.

ಮನೆ

ಮನೆಯಲ್ಲಿ ಮಾಡುವುದನ್ನು ಬಡವರ ಪರ್ಯಾಯ ಎಂದು ನಾನು ಮೊದಲು ತಿಳಿದಿದ್ದೆ. ಅದು ತಪ್ಪು ತಿಳಿವಳಿಕೆ. ಸೆರೆಬ್ರಲ್ ಪಾಲ್ಸಿಯ ಮಕ್ಕಳಿಗೆ ಯಾರೋ ಕೈಕಾಲು ಮಡಿಸಿ ಬಿಡಿಸುವುದಕ್ಕಿಂತ, ಮಗು ತಾನೇ ಒಂದು ಕೆಲಸವನ್ನು ಗುರಿಯಿಟ್ಟುಕೊಂಡು ಮತ್ತೆ ಮತ್ತೆ ಮಾಡುವುದು ಹೆಚ್ಚು ಫಲ ಕೊಡುತ್ತದೆ. ಅಷ್ಟು ಸಲ ಮಾಡಲು ಮನೆಯಲ್ಲದೆ ಬೇರೆ ಜಾಗ ಎಲ್ಲಿದೆ? ಚೆನ್ನಾಗಿ ಕೆಲಸ ಮಾಡುವ ಕೈಯನ್ನು ಸ್ವಲ್ಪ ಹೊತ್ತು ಕಟ್ಟಿ ದುರ್ಬಲ ಕೈಯಿಂದ ಆಡಿಸುವ ವಿಧಾನವೂ ಇದೆ. ಅದನ್ನು ಮಾತ್ರ ಥೆರಪಿಸ್ಟ್ ಹೇಳಿದ ಅವಧಿಗೆ, ಹೇಳಿದ ರೀತಿಯಲ್ಲೇ ಮಾಡಬೇಕು.

ಕೇಂದ್ರದಲ್ಲಿ ಪ್ಲಾಸ್ಟಿಕ್ ಮಣಿ ಪೋಣಿಸಿದ್ದನ್ನು ನಮ್ಮ ಥೆರಪಿಸ್ಟ್ ಮನೆಯ ಕೆಲಸಕ್ಕೆ ತಿರುಗಿಸಿ ಕೊಟ್ಟರು. ನಿಮ್ಮ ಮನೆಯಲ್ಲಿ ದಿನವೂ ಏನೇನು ನಡೆಯುತ್ತದೆ ಎಂದು ಕೇಳಿ ಬರೆದುಕೊಂಡದ್ದು ಅವರೊಬ್ಬರೇ. ಚನ್ನೆಮಣೆಯ ಕಾಯಿಗಳನ್ನು ಹೆಬ್ಬೆರಳು ತೋರುಬೆರಳಿನಿಂದ ಒಂದೊಂದಾಗಿ ಎತ್ತಿ ಗುಳಿಗೆ ಹಾಕುವುದು. ಅಜ್ಜಿ ಅಬ್ಬಲಿಗೆ ಕಟ್ಟುವಾಗ ಬಾಳೆನಾರಿನ ತುದಿಯನ್ನು ಬಲಗೈಯಲ್ಲಿ ಹಿಡಿದುಕೊಳ್ಳುವುದು. ಅಕ್ಕಿರೊಟ್ಟಿಯ ಹಿಟ್ಟು ನಾದುವುದು, ಬಾಳೆಲೆಯ ಮೇಲೆ ಅಂಗೈ ಬಿಚ್ಚಿ ತಟ್ಟುವುದು. ಮುಷ್ಟಿಯಾಗಿದ್ದ ಕೈ ಬಿಚ್ಚಿದ್ದು ರೊಟ್ಟಿಯ ಮೇಲೆಯೇ. ಶ್ಯಾವಿಗೆ ಒರಳಿನ ಹಿಡಿಯನ್ನು ಎರಡೂ ಕೈಯಿಂದ ಒತ್ತುವುದು. ಅಡಿಕೆ ಹಾಳೆಯ ಮೇಲೆ ಕುಳಿತು ಅಕ್ಕನಿಂದ ಅಂಗಳದಲ್ಲಿ ಎಳೆಸಿಕೊಳ್ಳುವುದು. ಬೀಳದಂತೆ ಬೆನ್ನು ನೆಟ್ಟಗೆ ಹಿಡಿಯುವ ಅಭ್ಯಾಸ ಅದರಲ್ಲಿ ತಾನಾಗಿ ಆಗುತ್ತದೆ. ಅಂಟು, ಜಿಗುಟು ಸಹಿಸದ ಮಗುವಿಗೆ ಮೊದಲು ಒಣ ಭತ್ತದಲ್ಲಿ ಕೈ ಆಡಿಸುವುದು, ನಂತರ ಒದ್ದೆ ಮರಳು, ನಂತರ ಹಿಟ್ಟು, ತಿಂಗಳುಗಳ ಮೇಲೆ ಹಲಸಿನ ತೊಳೆ. ಮಗುವಿನ ಕೈಹಿಡಿದು ಒತ್ತಾಯದಿಂದ ಅನ್ನದಲ್ಲಿ ಅದ್ದಬಾರದು. ಅದರಿಂದ ಹೆದರಿಕೆ ಬೆಳೆಯುತ್ತದೆ, ಹಿಂದಕ್ಕೆ ಹೋಗುತ್ತೇವೆ. ಮೆಟ್ಟುಗತ್ತಿ, ಒಲೆ, ಬಾವಿಕಟ್ಟೆ ಮಾತ್ರ ದೂರ.

ಆದರೆ ಮನೆಯೊಂದೇ ಸಾಕೆ? ಸಾಲದು. ಯಾವ ಕೆಲಸ, ಯಾವ ಭಂಗಿಯಲ್ಲಿ, ಎಷ್ಟು ಹೊತ್ತು ಎಂದು ನಿರ್ಧರಿಸಲು ತಿಳಿದವರ ಕಣ್ಣು ಬೇಕು. ಇನ್ನೂ ಒಂದು ವಿಷಯವಿದೆ, ಅದನ್ನು ಯಾರೂ ಹೇಳುವುದಿಲ್ಲ: ಮನೆಯ ಭಾರವೆಲ್ಲ ತಾಯಿಯ ಮೇಲೆಯೇ ಬೀಳುತ್ತದೆ. ಕೊಟ್ಟಿಗೆ, ಅಡುಗೆ, ಆಳುಗಳ ಊಟದ ನಡುವೆ ಎರಡು ಗಂಟೆಯ ಥೆರಪಿ ಮಾಡಿ ಎಂದರೆ ಆಕೆ ಮುರಿದುಹೋಗುತ್ತಾಳೆ. ದಿನಕ್ಕೆ ಮೂರು ಕೆಲಸ, ತಲಾ ಹತ್ತು ನಿಮಿಷ, ಹೇಗೂ ನಡೆಯುವ ಕೆಲಸದ ಒಳಗೇ. ಒಂದು ಅಪ್ಪನದ್ದು, ಒಂದು ಅಜ್ಜಿಯದ್ದು. ಥೆರಪಿಸ್ಟ್ ಬಳಿ ಹೋಗುವಾಗ ಒಮ್ಮೆಯಾದರೂ ಅಪ್ಪನನ್ನೂ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಅತ್ತೆಯವರು ಅಲ್ಲಿ ಒಮ್ಮೆ ಕುಳಿತು ನೋಡಿದ ಮೇಲೆ “ಎಡಚ” ಎಂಬ ಮಾತು ನಮ್ಮ ಮನೆಯಲ್ಲಿ ನಿಂತಿತು.

ಯಾರಿಗೆ ಯಾವುದು

ದಿನಗೂಲಿಯ ಮನೆ, ಮೂರು ವರ್ಷದೊಳಗಿನ ಮಗು: ಜಿಲ್ಲಾ ಆಸ್ಪತ್ರೆ, ಜೊತೆಗೆ ಮನೆ. ಖಾಸಗಿಗೆ ಸಾಲ ಮಾಡಬೇಡಿ. ನಗರದೊಳಗೆ ಅಥವಾ ಒಂದು ಗಂಟೆಯ ದಾರಿಯಲ್ಲಿದ್ದು, ತಿಂಗಳಿಗೆ ನಾಲ್ಕೈದು ಸಾವಿರ ವರ್ಷವಿಡೀ ತೆಗೆದಿಡಬಲ್ಲವರು, ಮಗುವಿಗೆ ಆಟಿಸಂ ಇದ್ದರೆ: ವಾರಕ್ಕೆ ಒಂದೆರಡು ಸಲ ಖಾಸಗಿ ಕೇಂದ್ರ, ಪ್ರಮಾಣಪತ್ರ ಮತ್ತು ಪರೀಕ್ಷೆಗಳಿಗೆ ಸರ್ಕಾರಿ ಆಸ್ಪತ್ರೆ. ಘಾಟಿಯಂಚಿನ ಹಳ್ಳಿಯವರು, ಕೈಕಾಲು ಬಿಗಿತವಿರುವ ಮಗು: ವರ್ಷಕ್ಕೆ ಎರಡು ಸಲ ದೊಡ್ಡ ಆಸ್ಪತ್ರೆ, ನಡುವೆ ತಿಂಗಳಿಗೊಮ್ಮೆ ಶಿವಮೊಗ್ಗ, ಮಳೆಯಲ್ಲಿ ವಿಡಿಯೋ ಕರೆ. ಶಾಲೆಗೆ ಹೋಗುವ, ಅಕ್ಷರ ಮಾತ್ರ ಒಲಿಯದ ಮಗು: ಒಂದು ಸಲದ ಒಳ್ಳೆಯ ಪರೀಕ್ಷೆ, ಶಾಲೆಗೆ ಬರೆದ ಸಲಹೆ, ಮೂರು ತಿಂಗಳ ಬಳಿಕ ಮರುಪರೀಕ್ಷೆ. ಎಲ್ಲರಿಗೂ ವರ್ಷಗಟ್ಟಲೆ ಥೆರಪಿ ಬೇಕಿಲ್ಲ.

ಹಣದ ನೆರವಿಗೆ ಎರಡು ಕಾಗದ ಬೇಗ ಮಾಡಿಸಿಕೊಳ್ಳಿ. ಒಂದು ಯುಡಿಐಡಿ ಕಾರ್ಡು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ, ಆಟಿಸಂ ಮತ್ತು ಕಲಿಕಾ ನ್ಯೂನತೆಯೂ ಅದರಲ್ಲಿವೆ. ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಇನ್ನೊಂದು ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಅಥವಾ ಬಹುವಿಧ ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಥೆರಪಿಯ ಖರ್ಚಿಗೂ ಅದರೊಳಗೆ ಒಂದು ಪಾಲಿದೆ. ಮೊದಲು ನಾವು ಕೊಟ್ಟು ನಂತರ ಪಡೆಯಬೇಕು, ಆದ್ದರಿಂದ ದಿನಾಂಕ, ಸಹಿ, ಮೊಹರು ಇರುವ ರಸೀದಿಯನ್ನು ಪ್ರತಿ ಸಲವೂ ಕೇಳಿ ಪಡೆಯಿರಿ. ಪ್ರಮಾಣಪತ್ರ ಮಾಡಿಸಿದರೆ ಮಗುವಿಗೆ ಹಣೆಪಟ್ಟಿ ಹಚ್ಚಿದಂತೆ ಎಂದು ಹಿಂಜರಿಯುವವರನ್ನು ನಾನು ಅರ್ಥಮಾಡಿಕೊಳ್ಳುತ್ತೇನೆ, ಎರಡು ವರ್ಷ ನಾವೂ ಹಿಂಜರಿದೆವು. ಆ ಎರಡು ವರ್ಷಗಳ ನೆರವು ಮತ್ತೆ ಸಿಗಲಿಲ್ಲ.

ಹೊಸನಗರದ ಆ ತಾಯಿ ಮರುದಿನ ಮತ್ತೆ ಫೋನ್ ಮಾಡಿದರು. ಮೊದಲು ಮೆಗ್ಗಾನ್‌ನಲ್ಲಿ ಕಿವಿ ಪರೀಕ್ಷೆ ಮತ್ತು ಮಕ್ಕಳ ವೈದ್ಯರು, ಓಟಿಯವರ ಸಮಯ ತಡವಾದರೆ ಒಂದು ತಿಂಗಳು ಖಾಸಗಿ, ಅಕ್ಟೋಬರ್‌ನಲ್ಲಿ ಮಣಿಪಾಲದಲ್ಲಿ ಒಮ್ಮೆ ಪೂರ್ಣ ಪರೀಕ್ಷೆ ಎಂದು ಗಂಡಹೆಂಡತಿ ಕುಳಿತು ನಿರ್ಧರಿಸಿದ್ದರು. ಸೋಮವಾರಕ್ಕೆ ಚೀಲದಲ್ಲಿ ಏನೇನು ಇಡಲಿ ಎಂದು ಕೇಳಿದರು. ತಾಯಿ ಕಾರ್ಡು, ಹೆರಿಗೆಯಾದ ಆಸ್ಪತ್ರೆಯ ಬಿಡುಗಡೆ ಚೀಟಿ, ಲಸಿಕೆಯ ಪುಸ್ತಕ, ಅವನು ಚೀರುವಾಗ ಮೊಬೈಲಿನಲ್ಲಿ ತೆಗೆದ ವಿಡಿಯೋ, ಅವನಿಗೆ ಅತಿ ಪ್ರಿಯವಾದ ಆಟಿಕೆ ಎಂದೆ. ಬದಲಾಯಿಸಲು ಒಂದು ಜೊತೆ ಬಟ್ಟೆ. ಒಂದು ಡಬ್ಬಿಯಲ್ಲಿ ಅವನು ದಿನವೂ ತಿನ್ನುವ ಊಟ ಮತ್ತು ಮನೆಯದೇ ಚಮಚ: ಅವನು ಹೇಗೆ ಉಣ್ಣುತ್ತಾನೆ ಎಂಬುದನ್ನು ಅವರು ಕಣ್ಣಾರೆ ನೋಡಲಿ.